ಅಂಜಿಕೆ ಅಳೆಯುವ ಕೋಣೆ

ಅಂಜಿಕೆಯ ಮೇಲೆ ಕೆಲಸ ಮಾಡುವವರ ಹತ್ತಿರ ಅಂಜಿಸುವ ಸಂಗತಿಗಳು ಕರೆಯದೇ ಬರುತ್ತವೆ. ಬೇರೆ ಆಫೀಸುಗಳಲ್ಲಿ ಬಾಗಿಲು ಕಿರ್ ಅಂದರೆ ಎಣ್ಣೆ ಹಾಕಿಸುತ್ತಾರೆ. ನಮ್ಮಲ್ಲಿ ಬಾಗಿಲು ಕಿರ್ ಅಂದರೆ ಇಬ್ಬರು ಎದ್ದು ನಿಲ್ಲುತ್ತಾರೆ, ಮೂರನೆಯವರು ಅದನ್ನು ಬರೆದುಕೊಳ್ಳುತ್ತಾರೆ.

ನಾನು ಹೈದರಾಬಾದಿನ ಒಂದು ವಿಶ್ವವಿದ್ಯಾಲಯದ ಮನಃಶಾಸ್ತ್ರ ವಿಭಾಗದಲ್ಲಿ ಸಂಶೋಧನಾ ಸಹಾಯಕಿ. ನಮ್ಮ ಮುಖ್ಯಸ್ಥರು, ಎಲ್ಲರ ಬಾಯಲ್ಲೂ ಬರೀ ‘ಸರ್’, ವಿದ್ಯಾರ್ಥಿಗಳ ಸ್ವಭಾವಕ್ಕೂ ಅವರ ಆತಂಕಕ್ಕೂ ಏನು ನಂಟು ಎಂದು ಪತ್ತೆ ಹಚ್ಚುವ ಕೆಲಸ ಹಿಡಿದಿದ್ದರು. ಮಾತುಗಾರರು ಹೆಚ್ಚು ಅಂಜುತ್ತಾರೋ, ಮೌನಿಗಳೋ? ಶಿಸ್ತಿನವರೋ, ಸೋಮಾರಿಗಳೋ? ಎರಡು ಫಾರಂ ಇದ್ದವು. ಒಂದು ಸ್ವಭಾವ ಅಳೆಯಲು, ಇನ್ನೊಂದು ಅಂಜಿಕೆ ಅಳೆಯಲು. ಹುಡುಗ ಹುಡುಗಿಯರನ್ನು ಕರೆದು ಕೂರಿಸಿ ತುಂಬಿಸಿಕೊಳ್ಳುವುದು ನನ್ನ ಕೆಲಸ.

ಅದಕ್ಕೆ ಕೊಟ್ಟ ಜಾಗ ಹಳೇ ಕಟ್ಟಡದ ನೆಲಮಾಳಿಗೆಯ ಲ್ಯಾಬ್. ಕಿಟಕಿ ಇಲ್ಲ. ಟ್ಯೂಬ್‌ಲೈಟ್ ಹತ್ತುವ ಮುಂಚೆ ನಾಲ್ಕು ಸಲ ಯೋಚಿಸುತ್ತದೆ. ಮೇಲೆ, ಹೊರಗೆ, ಆನೆ ಗಾತ್ರದ ಬಂಡೆಗಳು, ಬಂಡೆಗಳ ನಡುವೆ ನವಿಲುಗಳು. ನವಿಲು ನೋಡಲು ಚೆಂದವೇ. ಆದರೆ ನೆಲಮಾಳಿಗೆಗೆ ಇಳಿದು ಬರುವ ಅದರ ಕೂಗು ಯಾರನ್ನೋ ಕಳೆದುಕೊಂಡ ಹೆಂಗಸಿನ ಕೂಗಿನಂತೆ ಕೇಳುತ್ತದೆ.

ಆ ಕಟ್ಟಡದಲ್ಲಿ ನನಗೆ ಜೊತೆ ಅಂತ ಇದ್ದವಳು ಕಸ ಗುಡಿಸುವ ಹೆಂಗಸು. ಯಾದಗಿರಿ ಕಡೆಯವಳು. ಗಂಡನ ಜೊತೆ ಇಲ್ಲಿನ ಕೊಂಡಾಪುರಕ್ಕೆ ಬಂದು, ಅಲ್ಲಿನ ಎತ್ತರದ ಅಪಾರ್ಟ್‌ಮೆಂಟುಗಳಿಗೆಲ್ಲ ಇಟ್ಟಿಗೆ ಹೊತ್ತು, ಮೊಣಕಾಲು ಸೋತ ಮೇಲೆ ನಮ್ಮಲ್ಲಿ ಸೇರಿದವಳು. ಎಲ್ಲರೂ ಅವಳನ್ನು ಮಾವಶಿ, ಅಂದರೆ ಚಿಕ್ಕಮ್ಮ, ಅಂತಾರೆ. ನಮ್ಮ ಅಪ್ಪ ಕಲಬುರಗಿಯಿಂದ ಬಂದು ಇಲ್ಲಿನ ರಕ್ಷಣಾ ಕಾರ್ಖಾನೆಯಲ್ಲಿ ದುಡಿದವರು. ಹಾಗಾಗಿ ಕೂಕಟ್‌ಪಲ್ಲಿಯ ಮನೆಯಲ್ಲಿ ಅಮ್ಮನ ಜೊತೆ ಬಿಟ್ಟರೆ ನಾನು ಕನ್ನಡ ಆಡುತ್ತಿದ್ದುದು ಈ ಮಾವಶಿಯ ಜೊತೆ.

ಕನ್ನಡಿಯ ಹಿಂದೆ

ಲ್ಯಾಬಿನ ಒಂದು ಗೋಡೆಯಲ್ಲಿ ಆಳೆತ್ತರದ ಕನ್ನಡಿ ಇದೆ. ಈ ಕಡೆಯಿಂದ ಕನ್ನಡಿ, ಆ ಕಡೆಯ ಚಿಕ್ಕ ಕೋಣೆಯಿಂದ ಬರೀ ಗಾಜು. ಹಿಂದೊಮ್ಮೆ ಅಲ್ಲಿ ಕತ್ತಲಲ್ಲಿ ಕೂತು, ಈ ಕಡೆ ಆಡುವ ಮಕ್ಕಳನ್ನು ಅವರಿಗೆ ತಿಳಿಯದಂತೆ ಗಮನಿಸುತ್ತಿದ್ದರಂತೆ. ನಾನು ಬರುವ ಹೊತ್ತಿಗೆ ಆ ಕೋಣೆಗೆ ಬೀಗ ಬಿದ್ದು ವರ್ಷಗಳಾಗಿದ್ದವು.

ಒಂದು ಮಧ್ಯಾಹ್ನ ನಿಜಾಮಾಬಾದ್ ಕಡೆಯ ಒಬ್ಬ ಸಣಕಲು ಹುಡುಗ ಫಾರಂ ತುಂಬುತ್ತಿದ್ದ. ಅರ್ಧಕ್ಕೆ ಪೆನ್ನು ನಿಲ್ಲಿಸಿ ಕನ್ನಡಿ ನೋಡಿದ.

“ಮೇಡಂ, ಇದರ ಹಿಂದೆ ಯಾರಿದ್ದಾರೆ?”

“ಯಾರೂ ಇಲ್ಲಪ್ಪ, ಬರಿ.”

“ಉಸಿರಾಡುತ್ತಿದ್ದಾರೆ, ಮೇಡಂ.”

ನಾನು ನನ್ನ ಪುಸ್ತಕದಲ್ಲಿ ‘ಅನುಮಾನದ ಸ್ವಭಾವ’ ಎಂದು ಬರೆದುಕೊಂಡೆ. ಆಮೇಲೆ ನನಗೂ ಕೇಳಿಸಿತು. ಬರೆದದ್ದನ್ನು ಹೊಡೆದು ಹಾಕಿದೆ.

ಉದ್ದಕ್ಕೆ ಎಳೆದ ಉಸಿರು. ಕೊನೆಯಲ್ಲಿ ಒಂದು ಸಣ್ಣ ಸಿಳ್ಳೆ. ಮತ್ತೆ ಉಸಿರು. ಹುಡುಗನ ಮುಖ ಬಿಳಿಚಿಕೊಂಡಿತ್ತು. ಅಂಜಿಕೆಯನ್ನು ಎದುರಿಸುವುದು ಹೇಗೆಂದು ಅವನಿಗೆ ತೋರಿಸಬೇಕಾದವಳು ನಾನೇ ತಾನೆ. ಎದ್ದು ಹೋಗಿ ಬೆರಳಿನಿಂದ ಗಾಜನ್ನು ಮೂರು ಸಲ ಬಡಿದೆ. ಉಸಿರು ನಿಂತಿತು. ಕ್ಷಣ ಬಿಟ್ಟು ಆ ಕಡೆಯಿಂದ, ನಿಧಾನಕ್ಕೆ, ಮೂರು ಸಲ ಬಡಿದ ಸದ್ದು ಬಂತು.

ಹುಡುಗ ಕುರ್ಚಿಯ ಮೇಲೆ ಕಾಲೆತ್ತಿ ಕೂತ. ನಾನು ಬೀಗದ ಕೈಗಾಗಿ ಗೋಡೆಯ ಮೊಳೆ ನೋಡಿದರೆ ಬೀಗದ ಕೈ ಇಲ್ಲ. ಗೋಡೆ ಹಿಡಿದುಕೊಂಡು ಸುತ್ತಿ ಹೋದೆ. ಬಾಗಿಲು ಓರೆಯಾಗಿತ್ತು. ಒಳಗೆ ಕತ್ತಲು. ಕತ್ತಲಲ್ಲಿ ಬುತ್ತಿ ಡಬ್ಬಿ. ಡಬ್ಬಿಯ ಪಕ್ಕ ಮಾವಶಿ ಸೆರಗು ಸರಿಮಾಡಿಕೊಳ್ಳುತ್ತ ಎದ್ದು ಕೂರುತ್ತಿದ್ದಳು.

“ತಣ್ಣಗ ಐತ್ರಿ ಅಕ್ಕಾರ ಇಲ್ಲಿ. ಉಂಡು ಒಂಚೂರು ಅಡ್ಡಾಗಿದ್ದೆ.”

“ಗಾಜು ಯಾಕ ಬಡದಿ ಮಾವಶಿ?”

“ನೀವು ಬಡದ್ರಲ್ರೀ ಮೊದ್ಲ! ಕರೀತಾರೇನೋ ಅಂತ ತಿಳ್ಕೊಂಡೆ.”

ಒಂದು ತಿಂಗಳಿಂದ ದಿನಾ ಅಲ್ಲೇ ಮಲಗುತ್ತಿದ್ದಳಂತೆ. ನನ್ನ ಜೊತೆ ಈ ಕಡೆ ಬಂದು ಹುಡುಗನನ್ನು ನೋಡಿ, “ಅಂಜಬ್ಯಾಡ ಅಂತ ಹೇಳ್ರಿ ಇವಂಗ. ಇಲ್ಲಿ ಬಂದಾರೆಲ್ಲಾ ಹಿಂಗ ಉಗುರು ಕಡೀತಾರ. ಕನ್ನಡಿ ಆ ಕಡಿಯಿಂದ ನಾ ಎಲ್ಲಾ ನೋಡೀನಿ. ಕಸಾ ಹೊಡಿಯಾಕಿನೂ ನಾನ ಅಲ್ಲೇನ್ರಿ” ಅಂದಳು. ನಾನು ತೆಲುಗಿಗೆ ತಿರುಗಿಸಿ ಹೇಳಿದೆ. ಹುಡುಗ ಬಂದಾಗಿನಿಂದ ಮೊದಲ ಸಲ ನಕ್ಕ. ನಕ್ಕು ಉಳಿದ ಫಾರಂ ತುಂಬಿದ.

ಅವನು ಹೋದ ಮೇಲೆ ನೋಡಿದೆ. ‘ಯಾರೋ ನನ್ನನ್ನು ಗಮನಿಸುತ್ತಿದ್ದಾರೆ ಎಂದು ನನಗೆ ಅನಿಸುತ್ತದೆ’ ಎಂಬ ವಾಕ್ಯದ ಮುಂದೆ ‘ಯಾವಾಗಲೂ’ ಎಂದು ಗುರುತು ಹಾಕಿದ್ದ. ಪಕ್ಕದಲ್ಲಿ ಸಣ್ಣ ಅಕ್ಷರದಲ್ಲಿ ಬರೆದಿದ್ದ: ‘ಪರಿಶೀಲಿಸಲಾಗಿದೆ.’

ಒಂದು ಹೆಚ್ಚು

ನಲವತ್ತು ಫಾರಂ ಹಂಚಿದ್ದೆ. ಬಾಗಿಲ ಬಳಿಯ ಡಬ್ಬಿಯಿಂದ ತೆಗೆದು ಎಣಿಸಿದರೆ ನಲವತ್ತೊಂದು. ನಾನೇ ತಪ್ಪಿದೆ ಅಂದುಕೊಂಡೆ. ಮುಂದಿನ ವಾರ ಮೂವತ್ತಾರು ಹಂಚಿದೆ, ಮೂವತ್ತೇಳು ಬಂತು. ಆಮೇಲೆ ಪ್ರತಿ ಹಾಳೆಗೂ ವಿಭಾಗದ ಮೊಹರು ಹಾಕಿ ಹಂಚಿದೆ. ಆಗಲೂ ಒಂದು ಹೆಚ್ಚು ಬಂತು, ಅದರ ಮೇಲೂ ಮೊಹರು ಇತ್ತು.

ಹೆಚ್ಚಿನದು ಯಾವುದೆಂದು ಗುರುತಿಸುವುದು ಸುಲಭವಿತ್ತು. ಉಳಿದವರೆಲ್ಲ ಪೆನ್ನಿನಲ್ಲಿ ಬರೆದರೆ ಇದು ಪೆನ್ಸಿಲ್. ಉತ್ತರಗಳು ಪ್ರತಿ ಸಲವೂ ಅವೇ. ‘ಫೋನ್ ಬಂದರೆ ಕೆಟ್ಟ ಸುದ್ದಿಯೇ ಇರಬೇಕು ಅನಿಸುತ್ತದೆ’: ಯಾವಾಗಲೂ. ‘ಮಲಗಿದಾಗ ನನ್ನ ಎದೆಬಡಿತ ನನಗೇ ಕೇಳುತ್ತದೆ’: ಯಾವಾಗಲೂ. ‘ಬಾಗಿಲ ಹಿಂದೆ ಯಾರಾದರೂ ಇದ್ದಾರೆಯೇ ಎಂದು ನೋಡುತ್ತೇನೆ’: ಯಾವಾಗಲೂ. ವಯಸ್ಸಿನ ಜಾಗ ಖಾಲಿ. ‘ಯಾವ ವರ್ಷದ ವಿದ್ಯಾರ್ಥಿ?’ ಎಂಬಲ್ಲಿ ಮಾತ್ರ ಬರೆದಿತ್ತು: ‘ಎಷ್ಟೋ ವರ್ಷಗಳಿಂದ ಇಲ್ಲೇ ಇದ್ದೇನೆ.’

ಅದನ್ನು ಓದಿದಾಗ ಲ್ಯಾಬಿನಲ್ಲಿ ನಾನೊಬ್ಬಳೇ ಇದ್ದೆ. ನವಿಲು ಕೂಗಿತು. ಹಾಳೆ ಅಲ್ಲೇ ಬಿಟ್ಟು ಮೆಟ್ಟಿಲು ಹತ್ತಿದೆ.

ಮಾವಶಿಗೆ ಹೇಳಿದರೆ ಅವಳು ಪೊರಕೆ ನೆಲಕ್ಕಿಟ್ಟಳು. “ಪಾಸಾಗದ ಹೋದ ಯಾವದೋ ಹುಡುಗಂದು ಜೀವಾ ಇರಬೇಕ್ರಿ ಅಕ್ಕಾರ. ಪಾಪ, ಇನ್ನಾ ಪರೀಕ್ಷೀ ಬರಿಯಾಕತ್ತೈತಿ.”

ಜೀವವೋ, ಜೀವಂತ ಮನುಷ್ಯನೋ, ಇಷ್ಟು ಅಂಜುತ್ತಿರುವವರನ್ನು ಹಾಗೇ ಬಿಡಲು ಮನಸ್ಸಾಗಲಿಲ್ಲ. ಡಬ್ಬಿಯ ಮೇಲೆ ಒಂದು ಚೀಟಿ ಅಂಟಿಸಿದೆ: ‘ಪೆನ್ಸಿಲಿನಲ್ಲಿ ಬರೆಯುವವರೇ, ದಯವಿಟ್ಟು ಬಂದು ಮಾತಾಡಿ. ಯಾರಿಗೂ ಹೇಳುವುದಿಲ್ಲ. ನಿಮಗೆ ಸಹಾಯ ಸಿಗುತ್ತದೆ.’

ಮುಂದಿನ ವಾರವೂ ಒಂದು ಹೆಚ್ಚಿಗೆ ಬಂತು. ಹಾಳೆ ತಿರುಗಿಸಿ ನೋಡಿದೆ. ಬೆನ್ನಿಗೆ ಪೆನ್ಸಿಲಿನಲ್ಲಿ ಬರೆದಿತ್ತು: ‘ಹದಿನಾಲ್ಕನೇ ಪ್ರಶ್ನೆಯಲ್ಲಿ ಕಾಗುಣಿತದ ತಪ್ಪಿದೆ. ಮುಂದಿನ ಮುದ್ರಣದಲ್ಲಿ ಸರಿಪಡಿಸತಕ್ಕದ್ದು.’

ಇಡೀ ವಿಶ್ವವಿದ್ಯಾಲಯದಲ್ಲಿ ಹೀಗೆ ಮಾತಾಡುವ ಮನುಷ್ಯ ಒಬ್ಬರೇ. ನಾನು ಒಂದು ಕಪ್ ಚಹಾ ತೆಗೆದುಕೊಂಡು ಸರ್ ಕೋಣೆಗೆ ಹೋದೆ. ಕಪ್ ಮೇಜಿನ ಮೇಲಿಟ್ಟು, “ಸರ್, ಹದಿನಾಲ್ಕನೆಯದು ಸರಿ ಮಾಡಿದೆ” ಅಂದೆ.

ಸರ್ ತಲೆ ಎತ್ತಲಿಲ್ಲ. ಮೂವತ್ತು ವರ್ಷದಿಂದ ತರಗತಿಗಳನ್ನು ಗದರಿಸಿದ ಮನುಷ್ಯ. ಪೆನ್ಸಿಲನ್ನು ಮೆಲ್ಲಗೆ ಡ್ರಾಯರಿನೊಳಗೆ ಸರಿಸಿದರು. ಡ್ರಾಯರ್ ಮುಚ್ಚಿ ಕೇಳಿದರು.

“ನನ್ನದು ಎಷ್ಟು ಬಂತು?”

“ಇಡೀ ಕ್ಯಾಂಪಸ್ಸಿಗೇ ಫಸ್ಟ್, ಸರ್.”

ಕೊನೆ ಕೋಣೆಯ ಇಬ್ಬರು

ನಮ್ಮ ಕಟ್ಟಡದ ವಾಚ್‌ಮನ್ ಸಂಜೆ ಐದಾದ ಮೇಲೆ ಮೂರನೇ ಮಹಡಿಗೆ ಹೋಗುವುದಿಲ್ಲ ಎಂದು ಕೂತುಬಿಟ್ಟ. ಕೊನೆಯ ಕೋಣೆಯಲ್ಲಿ ಇಬ್ಬರು ಹೆಂಗಸರು ಮಾತಾಡುತ್ತಾರಂತೆ. ಒಬ್ಬಳು ಮುದುಕಿ, ಬೈಯುತ್ತಾಳೆ. ಇನ್ನೊಬ್ಬಳು ಸಣ್ಣವಳು, ಅಳುತ್ತಾಳೆ. ಆದರೆ ಮೆಟ್ಟಿಲಿಳಿದು ಬರುವುದು ಮಾತ್ರ ಯಾವಾಗಲೂ ಒಬ್ಬಳೇ.

“ಇನ್ನೊಬ್ಬಳು ಎಲ್ಲಿ ಹೋಗುತ್ತಾಳೆ ಮೇಡಂ? ಹೇಳಿ, ನೀವು ಓದಿದವರು” ಅಂದ.

ಓದಿದ ತಪ್ಪಿಗೆ ಮೇಲೆ ಹೋದೆ. ಸಾಲು ಕೋಣೆಗಳೆಲ್ಲ ಖಾಲಿ. ಕಾರಿಡಾರಿನ ಕೊನೆಯಲ್ಲಿ ನಿಂತು ಕಿವಿಗೊಟ್ಟೆ. ಒಳಗಿಂದ ಒಣಗಿದ, ಬಿರುಸಾದ ಮುದಿ ದನಿ.

“ಇಷ್ಟೂ ಗೊತ್ತಿಲ್ಲವೇ? ನಾಚಿಕೆಯಾಗಬೇಕು.”

“ಗೊತ್ತಿತ್ತು ಮೇಡಂ… ಮರೆತುಹೋಯಿತು…”

“ಹೊರಗೆ ಹೋಗು.”

ಕುರ್ಚಿ ಎಳೆದ ಸದ್ದು. ಬಿಕ್ಕು. ನಾನು ಬಾಗಿಲು ತಳ್ಳಿದೆ. ಎದುರುಬದುರು ಎರಡು ಕುರ್ಚಿ, ನಡುವೆ ಮೇಜು. ಮೇಜಿನ ಒಂದು ಬದಿಯಲ್ಲಿ ನಮ್ಮ ವಿಭಾಗದ ಟಾಪರ್ ಹುಡುಗಿ ಕಣ್ಣೊರೆಸಿಕೊಳ್ಳುತ್ತ ನಿಂತಿದ್ದಳು. ಇನ್ನೊಂದು ಕುರ್ಚಿ ಖಾಲಿ.

ಮೌಖಿಕ ಪರೀಕ್ಷೆಗೆ ತಯಾರಿಯಂತೆ. ಆ ಕುರ್ಚಿಯಲ್ಲಿ ಕೂತು ತಾನೇ ಪ್ರಶ್ನೆ ಕೇಳುತ್ತಾಳೆ, ಎದ್ದು ಬಂದು ಈ ಕುರ್ಚಿಯಲ್ಲಿ ಕೂತು ತಾನೇ ಉತ್ತರ ಹೇಳುತ್ತಾಳೆ. ಸ್ವಭಾವದ ಫಾರಂನಲ್ಲಿ ಶಿಸ್ತಿಗೆ ಅವಳಷ್ಟು ಅಂಕ ಯಾರಿಗೂ ಬಂದಿರಲಿಲ್ಲ. ಆತಂಕದಲ್ಲೂ ಹೆಚ್ಚುಕಮ್ಮಿ ಅಷ್ಟೇ.

“ಎರಡೂ ನೀನೇ ಅಲ್ಲವೇನಮ್ಮ?” ಅಂದೆ. “ಆಕೆ ಸ್ವಲ್ಪ ಒಳ್ಳೆಯ ಮಾತಲ್ಲಿ ಕೇಳಬಾರದೇ?”

“ನಾನೂ ಹೇಳಿ ನೋಡಿದೆ ಮೇಡಂ. ಅವರು ಕೇಳುವುದಿಲ್ಲ. ನಿನ್ನೆ ಮೂರು ಸಲ ಫೇಲ್ ಮಾಡಿದರು.”

ನಾನು ಸಮಾಧಾನ ಮಾಡೋಣವೆಂದು ಆ ಖಾಲಿ ಕುರ್ಚಿ ಎಳೆದು ಕೂರಲು ಹೋದೆ. ಹುಡುಗಿ ನನ್ನ ತೋಳು ಹಿಡಿದುಕೊಂಡಳು.

“ಬೇಡ ಮೇಡಂ. ಅವರಿಗೆ ಸಿಟ್ಟು ಬರುತ್ತದೆ.”

ಆ ಖಾಲಿ ಕುರ್ಚಿಯನ್ನು ನೋಡಿದೆ. ನಿಂತುಕೊಂಡೇ ಸಮಾಧಾನ ಮಾಡಿದೆ.

ನಿಜವಾದ ಪರೀಕ್ಷೆಯ ದಿನ ಪರೀಕ್ಷಕರು ಎರಡೇ ಪ್ರಶ್ನೆ ಕೇಳಿ, ನಕ್ಕು, ಒಳ್ಳೆಯ ಅಂಕ ಕೊಟ್ಟು ಕಳಿಸಿದರು. ಹುಡುಗಿ ಮುಖ ಊದಿಸಿಕೊಂಡು ನನ್ನ ಹತ್ತಿರ ಬಂದಳು.

“ಏನಮ್ಮ, ಪಾಸಾಯಿತಲ್ಲ?”

“ಪಾಸೇನೋ ಆಯಿತು ಮೇಡಂ. ಆದರೆ ಇವರಿಗೆ ಏನೂ ಗೊತ್ತಿಲ್ಲ. ನಮ್ಮ ಮೇಡಂ ಆಗಿದ್ದರೆ ಬಿಡುತ್ತಿರಲಿಲ್ಲ.”

ಹಿಂದೆ ಬರುವ ಹೆಜ್ಜೆ

ಒಂದು ಸಂಜೆ ಕೆಲಸ ಮುಗಿಸಿ ಕೂಕಟ್‌ಪಲ್ಲಿಯಲ್ಲಿ ಮೆಟ್ರೋ ಇಳಿದೆ. ಮೆಟ್ಟಿಲಿಳಿಯುವಾಗ ಹಿಂದೆ ಹೆಜ್ಜೆ ಸದ್ದು. ಅಷ್ಟು ಜನರಲ್ಲಿ ಆ ಹೆಜ್ಜೆಯೇ ಯಾಕೆ ಕೇಳಿತೆಂದರೆ, ನಾನು ನಿಂತರೆ ಅದೂ ನಿಲ್ಲುತ್ತಿತ್ತು. ಹೂವಿನ ಅಂಗಡಿ ಮುಂದೆ ನಿಂತೆ, ನಿಂತಿತು. ಬೇಗ ಬೇಗ ನಡೆದೆ, ಅದೂ ಬೇಗ ಬಂತು. ನಮ್ಮ ಗಲ್ಲಿಗೆ ತಿರುಗಿದಾಗ ಜನ ಕಮ್ಮಿ, ಹೆಜ್ಜೆ ಹತ್ತಿರ. ಎದೆ ಗಟ್ಟಿ ಮಾಡಿ, ಛತ್ರಿ ಎತ್ತಿ ಹಿಡಿದು ಗಕ್ಕನೆ ತಿರುಗಿದೆ.

ಕಾನೂನು ವಿಭಾಗದ ಹುಡುಗ. ಬೆಳಿಗ್ಗೆ ಫಾರಂ ತುಂಬಿ ಹೋದವನು. ಬೆವರಿ ತೊಪ್ಪೆಯಾಗಿದ್ದ.

“ಮೇಡಂ, ಕ್ಷಮಿಸಿ. ಕ್ಯಾಂಪಸ್ಸಿನಿಂದಲೇ ಕೇಳಬೇಕೂಂತ ಬಂದೆ, ಧೈರ್ಯ ಆಗಲಿಲ್ಲ. ಇಪ್ಪತ್ತೆರಡನೇ ಪ್ರಶ್ನೆಗೆ ನಾನು ‘ಕೆಲವೊಮ್ಮೆ’ ಅಂತ ಹಾಕಿದ್ದೆ. ಅದನ್ನು ‘ಅಪರೂಪಕ್ಕೆ’ ಅಂತ ಮಾಡಬಹುದಾ?”

“ಇಪ್ಪತ್ತೆರಡನೆಯದು ಯಾವುದಪ್ಪಾ?”

“‘ಸಣ್ಣ ವಿಷಯಕ್ಕೂ ಚಿಂತೆ ಮಾಡುತ್ತೇನೆ’ ಅನ್ನೋದು, ಮೇಡಂ.”

ಏಳು ಗಂಟೆಯ ಜೋಕು

ಇದನ್ನು ಇವತ್ತಿಗೂ ನಾನು ದೀಪ ಹಾಕಿಕೊಂಡೇ ಹೇಳುತ್ತೇನೆ.

ನಮ್ಮ ಎಂ.ಎ. ತರಗತಿಯಲ್ಲಿ ಒಬ್ಬ ಹುಡುಗನಿದ್ದ. ಅಪ್ಪ ಕೊಂಡಾಪುರದಲ್ಲಿ ಗಾರೆ ಕೆಲಸದವರು, ಮೂಲ ಯಾದಗಿರಿ ಕಡೆ. ಆ ಮನೆಯಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದ ಮೊದಲ ಮನುಷ್ಯ. ಇಡೀ ತರಗತಿಯನ್ನು ನಗಿಸುತ್ತಿದ್ದ. ದಿನಾ ಬೆಳಿಗ್ಗೆ ಏಳರ ಸುಮಾರಿಗೆ, ನಾನೂ ಇದ್ದ ತರಗತಿಯ ಈಮೇಲ್ ಗುಂಪಿಗೆ ಒಂದು ಜೋಕು ಕಳಿಸುತ್ತಿದ್ದ. ‘ಮೆಸ್ಸಿನ ಸಾಂಬಾರಿನಲ್ಲಿ ಒಂದು ಬೇಳೆ ಸಿಕ್ಕಿದೆ, ಕಳೆದುಕೊಂಡವರು ವಾರ್ಡನ್ನರನ್ನು ಕಾಣಿ’, ಈ ಥರದವು. ಅಂಜಿಕೆಯ ಫಾರಂ ತುಂಬಿಸಿದರೆ ಎಲ್ಲದಕ್ಕೂ ‘ಇಲ್ಲವೇ ಇಲ್ಲ’. ಸೊನ್ನೆ. “ಇವನೊಬ್ಬ ಸಿಕ್ಕ, ಅಂಜಿಕೆಯೇ ಇಲ್ಲದ ಮಾತುಗಾರ” ಎಂದು ಸರ್ ಖುಷಿಪಟ್ಟರು.

ಆಮೇಲೆ ಯಂತ್ರದ ಮುಂದೆ ಕೂರಿಸಿದೆವು. ಬೆರಳಿಗೆ ಎರಡು ಪಟ್ಟಿ ಕಟ್ಟಿ ಬೆವರು ಅಳೆಯುವ ಹಳೇ ಯಂತ್ರ ಅದು. ಮನಸ್ಸು ಅಂಜಿದರೆ ಬೆರಳು ಬೆವರುತ್ತದೆ, ಮುಳ್ಳು ಏರುತ್ತದೆ. ಅವನು ಜೋಕು ಹೇಳುತ್ತಲೇ ಕೂತ, ನಾನು ನಗುತ್ತಲೇ ಪಟ್ಟಿ ಕಟ್ಟಿದೆ. ಮುಳ್ಳು ಸರ್‍ರನೆ ಕೊನೆಯವರೆಗೂ ಹೋಗಿ, ಅಲ್ಲೇ ಸಿಕ್ಕಿಕೊಂಡು, ನಡುಗುತ್ತ ನಿಂತಿತು.

“ಮಿಷನ್ ಕೆಟ್ಟೈತ್ರಿ ಮೇಡಂ” ಅಂದ, ನಗುತ್ತ.

ನಾನು ಪಟ್ಟಿ ಬಿಚ್ಚಿ ನನ್ನ ಬೆರಳಿಗೆ ಕಟ್ಟಿಕೊಂಡೆ. ಮುಳ್ಳು ಸುಮ್ಮನೆ ಕೆಳಗಿಳಿದು ನಿಂತಿತು. ಅವನು ಅದನ್ನು ನೋಡಿದ. ನಾನು ಅವನನ್ನು ನೋಡಿದೆ. ಆಗ ನಾನು ಏನಾದರೂ ಹೇಳಬೇಕಿತ್ತು. ಹೊರಗೆ ಇನ್ನೂ ಆರು ಜನ ಕಾಯುತ್ತಿದ್ದರು, “ನೆಕ್ಸ್ಟ್” ಅಂದೆ.

ಮರುದಿನ ತರಗತಿಯ ಮುಂದೆ ನಿಂತು ಸೆಮಿನಾರ್ ಕೊಡುವ ಸರದಿ ಅವನದಿತ್ತು. ಬರಲಿಲ್ಲ. ಆದರೆ ಬೆಳಿಗ್ಗೆ ಏಳಕ್ಕೆ ಜೋಕು ಬಂದಿತ್ತಲ್ಲ, ಎಲ್ಲೋ ಇದ್ದಾನೆ ಅಂದುಕೊಂಡೆವು. ಮೂರನೇ ದಿನ ಏಳಕ್ಕೆ ಜೋಕು. ಐದನೇ ದಿನ ಏಳಕ್ಕೆ ಜೋಕು. ಹಾಸ್ಟೆಲಿನ ಗೆಳೆಯರು ಮನೆಗೆ ಹೋಗಿದ್ದಾನೆ ಅಂದುಕೊಂಡಿದ್ದರು. ‘ಎಲ್ಲಿದ್ದೀಯೋ?’ ಎಂದು ಬರೆದರೆ ಉತ್ತರವಿಲ್ಲ. ಫೋನ್ ಬಂದ್. ಮರುದಿನ ಏಳಕ್ಕೆ ಮತ್ತೆ ಜೋಕು. ಒಂಬತ್ತನೇ ದಿನ ನಾನು ಎಲ್ಲವನ್ನೂ ತೆರೆದು ಸಮಯ ನೋಡಿದೆ. ಏಳು, ಏಳು, ಏಳು. ಒಂದು ನಿಮಿಷ ಆಚೆಯಿಲ್ಲ, ಈಚೆಯಿಲ್ಲ. ಬದುಕಿರುವವರು ಒಂದು ದಿನವಾದರೂ ಏಳೂ ಐದಕ್ಕೆ ಕಳಿಸುತ್ತಾರೆ.

ಸರ್ ಕೋಣೆಗೆ ಓಡಿದೆ. ಅವರೂ ನೋಡಿದರು. ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. “ಇದು ಮೊದಲೇ ಬರೆದು, ದಿನಾ ತಾನಾಗಿ ಹೋಗುವ ಹಾಗೆ ಇಟ್ಟದ್ದು” ಅಂದರು. “ತಾನು ಇಲ್ಲ ಅಂತ ಯಾರಿಗೂ ಗೊತ್ತಾಗದಿರಲಿ ಅಂತ.”

ಹುಡುಗನ ಅಪ್ಪನಿಗೆ ಫೋನ್ ಮಾಡಿದೆವು. ಅರ್ಧ ಗಂಟೆಯಲ್ಲಿ ಬಂದರು, ಮೈಮೇಲೆ ಸಿಮೆಂಟು ಹಾಗೇ ಇತ್ತು. ಹಾಸ್ಟೆಲಿನಲ್ಲಿ ಇಲ್ಲ ಅಂದರೆ ನಂಬಲಿಲ್ಲ.

“ಇಲ್ರಿ ಮೇಡಂ, ದಿನಾ ಸಂಜೀಕ ಫೋನ್ ಮಾಡ್ತಾನ್ರಿ. ತನ್ನ ಫೋನ್ ಕೆಟ್ಟೈತಿ ಅಂತ ಬ್ಯಾರೆ ನಂಬರಿಲಿಂದ ಮಾಡ್ತಾನ. ಆರಾಮ ಅದೀನಿ ಅಂತಾನ, ನಗತಾನ.” ದನಿ ಇಳಿಸಿ ಕೇಳಿದರು. “ಆದ್ರ ಒಂದು ಮಾತು ಕೇಳ್ತೀನ್ರಿ. ಅಂವ ಮಾತಾಡೂಮುಂದ ಹಿಂದ ಮಂದಿ ಚೀರತಾರ್ರಿ. ಹೆಣ್ಣಮಕ್ಕಳು, ಹುಡುಗ್ರು, ಎಲ್ಲಾರೂ. ಕಾಲೇಜಿನ್ಯಾಗ ಹಂಗ ಚೀರತಾರೇನ್ರಿ?”

ಸರ್ ಆ ನಂಬರಿಗೆ ಕರೆ ಮಾಡಿ ಸ್ಪೀಕರ್ ಹಾಕಿದರು. ಯಾರೋ ಎತ್ತಿದರು. ‘ಹಲೋ’ ಇಲ್ಲ. ಎಲ್ಲೋ ಆಳದಿಂದ ಉದ್ದವಾದ ಊಳು ಕೇಳಿ ಕರೆ ಕಟ್ಟಾಯಿತು. ಅಪ್ಪ ಗೋಡೆಗೆ ಒರಗಿದರು. “ನಮ್ಮನ್ಯಾಕಿ ಹುಡುಗನ ಮೈಯಾಗ ದೆವ್ವ ಹೊಕ್ಕೈತಿ ಅಂತ ಮೂರು ದಿನದಿಂದ ಉಂಡಿಲ್ರಿ.”

ಬಾಗಿಲಲ್ಲಿ ನೆಲ ಒರೆಸುತ್ತಿದ್ದ ಮಾವಶಿ ಕೇಳಿದಳು.

“ಏ ಅಣ್ಣಾ, ಚೀರಿ ಆದ ಮ್ಯಾಲ ನಗತಾರೇನು ಆ ಮಂದಿ?”

ಅಪ್ಪ ಯೋಚಿಸಿದರು. “ಹೂಂ. ಚೀರತಾರ, ಆಮ್ಯಾಲ ನಗತಾರ.”

“ಹಂಗಾದ್ರ ಸತ್ತಾರೇನಲ್ಲ. ಜನವರಿ ಐತಲ್ಲ, ನಾಂಪಲ್ಲ್ಯಾಗ ನುಮಾಯಿಷ್ ಜಾತ್ರಿ ಹಚ್ಯಾರ. ದುಡ್ಡು ಕೊಟ್ಟು ಚೀರೂದು ಅಲ್ಲೇ.”

ಹೊತ್ತು ಮುಳುಗುವ ಮುಂಚೆ ನಾವು ನಾಲ್ವರೂ ನಾಂಪಲ್ಲಿ ಮೈದಾನದಲ್ಲಿದ್ದೆವು. ಶಾಲು, ಒಣಹಣ್ಣು, ಮಿರ್ಚಿ ಬಜ್ಜಿ, ತಿರುಗುವ ದೊಡ್ಡ ಚಕ್ರ. ಅದರ ಹಿಂದೆ ತಗಡಿನ ಗೋಡೆಯ ಮೇಲೆ ನೆತ್ತರು ಸುರಿವ ಅಕ್ಷರಗಳಲ್ಲಿ ‘ಭೂತ ಬಂಗ್ಲಾ’. ಒಳಗಿಂದ ಅದೇ ಊಳು.

ಒಳಗೆ ಏನೂ ಕಾಣದು. ಕಾಲ ಕೆಳಗೆ ಹಲಗೆ ಅಲ್ಲಾಡುತ್ತದೆ, ಮುಖಕ್ಕೆ ಒದ್ದೆ ದಾರಗಳು ತಾಗುತ್ತವೆ, ಎಲ್ಲೋ ಕೂಸು ಅತ್ತಂತೆ ಸದ್ದು. ಸರ್ ನನ್ನ ಹಿಂದೆ ಬರುತ್ತ ಮೆಲ್ಲಗೆ ಪಾಠ ಹೇಳುತ್ತಿದ್ದರು. “ಗಮನಿಸಿ, ಇದು ಸಂದರ್ಭದಿಂದ ಹುಟ್ಟುವ ಭಯ, ಸ್ವಭಾವದ ಭಯವಲ್ಲ, ಬುದ್ಧಿಯಿಂದ ಇದನ್ನು…” ಅಷ್ಟರಲ್ಲಿ ಗೋಡೆ ಬಿರಿದು, ಕಣ್ಣಿಲ್ಲದ ಬಿಳಿ ಮುಖವೊಂದು ಕೈ ಚಾಚಿ ಅವರ ಮೇಲೆ ಬಿತ್ತು. ಬುದ್ಧಿ ಎಲ್ಲಿ ಹೋಯಿತೋ, ಸರ್ ಕಿರುಚಿಕೊಂಡು ಮಾವಶಿಯ ಬೆನ್ನ ಹಿಂದೆ ಹೋದರು. ನಾನೂ ಕಿರುಚಿದೆ. ಮಾವಶಿ ದೆವ್ವಕ್ಕೆ ಬುತ್ತಿ ಚೀಲದಿಂದ ಒಂದೇಟು ಹಾಕಿದಳು.

ಅಪ್ಪ ಮಾತ್ರ ಕಿರುಚಲಿಲ್ಲ. ಮೊಬೈಲಿನ ದೀಪ ಹಾಕಿ ಆ ದೆವ್ವದ ಕಾಲು ನೋಡುತ್ತಿದ್ದರು.

“ತಮ್ಮಾ,” ಅಂದರು, “ಚಪ್ಪಲ್ ಎಲ್ಲ್ಯದಾವೋ? ಈ ಥಂಡ್ಯಾಗ ಬರಿಗಾಲಲೆ ಅದಿಯಲ್ಲೋ.”

ದೆವ್ವದ ಎತ್ತಿದ ಕೈಗಳು ಮೆಲ್ಲಗೆ ಕೆಳಗಿಳಿದವು. ಮುಖವಾಡದೊಳಗಿಂದ ಅಳುವ ಸದ್ದು ಬಂತು. ಹಿಂದೆ ಬಂದ ಜನ ಅದನ್ನೂ ಆಟವೆಂದು ತಿಳಿದು ಚೀರಿ, ಆಮೇಲೆ ನಕ್ಕರು.

ಹುಡುಗನನ್ನು ಹೊರಗೆ ಬೆಂಚಿನ ಮೇಲೆ ಕೂರಿಸಿ ಬಜ್ಜಿ ತಿನ್ನಿಸಿದೆವು. ಅವನು ತಲೆ ಎತ್ತದೆ ಹೇಳಿದ. ಸೆಮಿನಾರ್ ಅಂದರೆ ಎದೆ ಹಾರುತ್ತಿತ್ತಂತೆ. ನಗಿಸುತ್ತಿದ್ದರೆ ಯಾರೂ ತನ್ನ ಕೈ ನೋಡುವುದಿಲ್ಲ ಅಂತ ನಗಿಸುತ್ತಿದ್ದನಂತೆ. ಮುಳ್ಳು ಏರಿದ ದಿನ ಎಲ್ಲರಿಗೂ ಗೊತ್ತಾಗಿಹೋಯಿತು ಅನಿಸಿತಂತೆ, ಮರುದಿನವೇ ಇಲ್ಲಿ ದೆವ್ವದ ಕೆಲಸಕ್ಕೆ ಸೇರಿದನಂತೆ. “ಇಲ್ಲಿ ಎಲ್ಲಾರೂ ನನಗ ಅಂಜತಾರ್ರಿ ಮೇಡಂ. ನಾ ಯಾರಿಗೂ ಅಂಜೂದು ಬೇಕಾಗಿಲ್ಲ. ಒಂಬತ್ತು ದಿನ ಆತು, ಕೈ ನಡಗಿಲ್ಲ.”

“ನೆಕ್ಸ್ಟ್ ಅಂದದ್ದು ನನ್ನ ತಪ್ಪು” ಅಂದೆ. ಸರ್ ಇನ್ನೂ ಎದೆ ಹಿಡಿದುಕೊಂಡೇ ಅವನ ಪಕ್ಕ ಕೂತಿದ್ದರು. “ನನ್ನದೂ ಹೀಗೇ ಹಾರುತ್ತದೆ, ಮೂವತ್ತು ವರ್ಷದಿಂದ. ಪ್ರತಿ ಕ್ಲಾಸಿಗೂ” ಅಂದರು. ಹುಡುಗ ಮೊದಲ ಸಲ ತಲೆ ಎತ್ತಿ ಅವರನ್ನು ನೋಡಿದ.

ಅವನು ಮರಳಿ ಬಂದ. ವಾರಕ್ಕೊಮ್ಮೆ ಆಪ್ತಸಮಾಲೋಚಕರ ಹತ್ತಿರ ಕೂರಲು ಒಪ್ಪಿದ. ಸೆಮಿನಾರಿಗೆ ಮಾತ್ರ ಒಂದು ಷರತ್ತು ಹಾಕಿದ. ಮೊದಲ ಹತ್ತು ನಿಮಿಷ ದೆವ್ವದ ಮುಖವಾಡ ಹಾಕಿಕೊಳ್ಳುತ್ತೇನೆ, ಆಮೇಲೆ ತೆಗೆಯುತ್ತೇನೆ. ಸರ್ “ಸರಿ” ಅಂದರು.

ಸೆಮಿನಾರಿನ ದಿನ ಹೊರಗಿನಿಂದ ಒಬ್ಬ ಪರೀಕ್ಷಕರು ಬಂದಿದ್ದರು. ಕೋಟು, ಟೈ. ಬೆಳಿಗ್ಗೆಯಿಂದ ಬಾಯಿ ಬಿಟ್ಟರೆ ಇಂಗ್ಲಿಷ್, ಅದೂ ಎಂಥ ಇಂಗ್ಲಿಷ್ ಅಂದರೆ ನಮ್ಮ ಸರ್ ಎರಡು ಸಲ ಅಂಗಿ ಒಳಗೆ ಸಿಕ್ಕಿಸಿಕೊಂಡರು. ಮಾವಶಿ “ಚಾ ತರ್ಲೇನ್ರಿ?” ಅಂದರೆ ಅರ್ಥವಾಗದವರಂತೆ ನನ್ನ ಮುಖ ನೋಡಿದ್ದರು. ಅವರು ಫೋನಿನಲ್ಲಿ ಮಾತಾಡುತ್ತ ಹೊರಗೆ ಉಳಿದರು. ಒಳಗೆ ಪರದೆಯ ಚಿತ್ರ ಕಾಣಲೆಂದು ದೀಪ ಆರಿಸಿದರು. ಹುಡುಗ ಮುಖವಾಡದೊಳಗಿಂದ ಶುರು ಮಾಡಿದ. ದನಿ ಮೊದಲು ನಡುಗಿತು, ಆಮೇಲೆ ನಡುಕ ನಿಂತಿತು. ಭೂತ ಬಂಗ್ಲಾದಲ್ಲಿ ಒಂಬತ್ತು ದಿನ ಕಂಡದ್ದನ್ನೇ ಹೇಳುತ್ತಿದ್ದ. ಹೊರಗೆ ಸಾಲಿನಲ್ಲಿ ಎಲ್ಲರಿಗಿಂತ ಜೋರು ಮಾಡಿದವರು ಒಳಗೆ ಬಂದು ಮೊದಲು ಚೀರುವುದು, ಸುಮ್ಮನೆ ನಿಂತ ಹುಡುಗಿಯರು ದೆವ್ವಕ್ಕೇ ದಾರಿ ಕೇಳುವುದು. ಇಡೀ ತರಗತಿ ಉಸಿರು ಬಿಗಿಹಿಡಿದು ಕೇಳುತ್ತಿತ್ತು.

ಆಗ ಬಾಗಿಲು ತೆರೆಯಿತು. ಪರೀಕ್ಷಕರು ಕತ್ತಲೊಳಗೆ ಎರಡು ಹೆಜ್ಜೆ ಇಟ್ಟರು. ಹುಡುಗ ಗೌರವದಿಂದ ಅವರ ಕಡೆ ತಿರುಗಿ ಬಾಗಿದ. ಪರದೆಯ ಬೆಳಕು ಆ ಕಣ್ಣಿಲ್ಲದ ಮುಖದ ಮೇಲೆ ನೇರ ಬಿತ್ತು.

“ಯಪ್ಪಾ! ಸತ್ನಲ್ಲೋ ಯವ್ವಾ!”

ಕೋಟು, ಟೈ, ಇಂಗ್ಲಿಷ್ ಎಲ್ಲವೂ ಬಾಗಿಲಿಗೆ ಅಂಟಿಕೊಂಡು ನಿಂತವು. ತರಗತಿಯಲ್ಲಿ ಯಾರಿಗೂ ಆ ಮಾತು ಅರ್ಥವಾಗಲಿಲ್ಲ, ನನ್ನನ್ನೂ ಹುಡುಗನನ್ನೂ ಬಿಟ್ಟು. ಸರ್ ಕಣ್ಣು ಮುಚ್ಚಿಕೊಂಡರು. ಹುಡುಗ ಮೆಲ್ಲಗೆ ಮುಖವಾಡ ತೆಗೆದ. ಹತ್ತು ನಿಮಿಷ ಇನ್ನೂ ಆಗಿರಲಿಲ್ಲ. ಕೈ ನಡುಗುತ್ತಿರಲಿಲ್ಲ. ಮುಖದ ತುಂಬ ಖುಷಿ.

“ಸರ್,” ಅಂದ, “ಯಾವೂರ್ರಿ ನಿಮ್ದು?”